ಮನೆಯಲ್ಲಿ ಕರೆಯುವ ಹೆಸರು

ನನ್ನ ಕೈಚೀಲದಲ್ಲಿ ಎಷ್ಟೋ ವರ್ಷ ಒಂದು ದರ್ಜಿಯ ಟೇಪು ಇತ್ತೆಂದರೆ ನೀವು ನಗಬಾರದು. ಹಳದಿ ಬಣ್ಣದ್ದು, ಒಂದು ಮಗ್ಗುಲಿಗೆ ಇಂಚು, ಇನ್ನೊಂದು ಮಗ್ಗುಲಿಗೆ ಸೆಂಟಿಮೀಟರು; ಅದರ ಸಂಗಡ ಸಣ್ಣ ಹಲ್ಲಿನ ಒಂದು ಬಾಚಣಿಗೆ, ಒಂದು ಕೆಂಪು ಮೇಣದ ಪೆನ್ಸಿಲು. ಶಹಾಬಾದಿನಿಂದ ಕಲಬುರ್ಗಿಗೆ ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಹೋಗುವಾಗ, ಪಾಸು ಹುಡುಕಲೆಂದು ಚೀಲದೊಳಗೆ ಕೈ ಹಾಕಿದರೆ ಮೊದಲು ಸುತ್ತಿಕೊಂಡು ಹೊರಬರುತ್ತಿದ್ದದ್ದು ಆ ಟೇಪೇ. ವಾಡಿಯಲ್ಲಿ ಹತ್ತಿ ಜಾಗ ಹಿಡಿದು ಕುಳಿತ ಹೆಂಗಸರು ಅದನ್ನು ಕಂಡದ್ದೇ, "ಜಂಪರ್ ಹೊಲೀತೀರೇನ್ರಿ ಬಾಯಾರ?" ಎಂದು ಕೇಳುವರು. "ಜಂಪರ್ ಅಲ್ರಿ, ನಾ ತಲಿ ಅಳೀತೀನಿ" ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದು ಗೇಣು ಅತ್ತ ಸರಿದು ಕುಳಿತುಕೊಳ್ಳುವರು. ನನಗೂ ಕಾಲು ಚಾಚಲು ಜಾಗ ಸಿಕ್ಕುತ್ತಿತ್ತು.

ಹೌದು, ತಲೆ ಅಳೆಯುವುದೇ ನನ್ನ ಕಸುಬಾಗಿತ್ತು. ತೊಂಬತ್ತರ ದಶಕದಲ್ಲಿ ಕಲಬುರ್ಗಿಯ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಇಇಜಿ ತೆಗೆಯುವವಳು. ಎದೆಗೆ ಇಸಿಜಿ ಹೇಗೋ ಮೆದುಳಿಗೆ ಇಇಜಿ ಹಾಗೆ, ಎಂದು ಬಂದವರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಈ ಕಿವಿಯಿಂದ ಆ ಕಿವಿಯವರೆಗೆ ಟೇಪು ಹಿಡಿದು, ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ಕೂದಲನ್ನು ಎಳೆ ಎಳೆಯಾಗಿ ಬೈತಲೆ ತೆಗೆದು, ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಅಂಗಿಯ ಗುಂಡಿಯಷ್ಟಿರುವ ಲೋಹದ ಬಿಲ್ಲೆಗಳನ್ನು ಅಂಟು ಹಚ್ಚಿ ಕೂರಿಸಬೇಕು. ನಮ್ಮ ಕಡೆಯವರು ತಲೆಗೆ ಹಾಕುವ ಎಣ್ಣೆ ಏನು ಕಡಿಮೆಯೇ! ತಲೆ ತಂಪಾಗಿರಲೆಂದು ಜಡ್ಡಾದವರಿಗೆ ಇನ್ನೂ ಒಂದು ಬೊಗಸೆ ಹೆಚ್ಚಿಗೆ ಸುರಿದು ಕರೆತರುವರು. ಅದನ್ನು ಒರೆಸಿ ತೆಗೆಯುವಷ್ಟರಲ್ಲಿ ನನಗೂ ನನ್ನ ನಾಲಗೆಗೂ ಕೆಲಸ ಸಾಕಾಗುತ್ತಿತ್ತು. ನಾನು ಸ್ವಲ್ಪ ಬಾಯಿಬಡಕಿ. ಒಳ್ಳೆಯ ಮನಸ್ಸಿನವಳೆಂದು ಹೆಸರಿತ್ತಾದರೂ ಮೆತ್ತಗಿನ ಮಾತಿನವಳೆಂದು ಯಾರೂ ಹೇಳಿಲ್ಲ.

ಹೃದಯ ನಿಂತು ಮತ್ತೆ ನಡೆದವರ ತಲೆಯನ್ನು ಅಳೆಯುವಾಗ ಮಾತ್ರ ನನ್ನ ಕೈಯೂ ಬಾಯಿಯೂ ತಮ್ಮಷ್ಟಕ್ಕೆ ಮೆತ್ತಗಾಗುತ್ತಿದ್ದವು. ಎದೆ ಒತ್ತಿಯೋ ಶಾಕ್ ಕೊಟ್ಟೋ ಹೃದಯವನ್ನು ಮತ್ತೆ ಹೊರಡಿಸಬಹುದು. ಆದರೆ ಅದು ನಿಂತಿದ್ದ ಆ ಕೆಲವು ನಿಮಿಷಗಳಲ್ಲಿ, ರಕ್ತ ಕಾಣದೆ ಹೋದ ಮೆದುಳಿಗೆ ಏನಾಯಿತೆಂಬುದು ಹೊರಗೆ ನಿಂತು ನೋಡುವವರಿಗೆ ತಿಳಿಯುವುದಿಲ್ಲ. ನಾಡಿ ಇರುತ್ತದೆ, ಮೈ ಬೆಚ್ಚಗಿರುತ್ತದೆ, ಯಂತ್ರ ಊದಿದಂತೆ ಎದೆ ಏರಿಳಿಯುತ್ತದೆ, ಗಡ್ಡ ಕೂಡ ಬೆಳೆಯುತ್ತದೆ. ಆ ಮನುಷ್ಯ ಒಳಗೆ ಇದ್ದಾನೋ ಇಲ್ಲವೋ ಎಂಬುದೊಂದೇ ಗೊತ್ತಿರುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತ ಮನೆಯವರು ಕೇಳುವುದೂ ಅದೊಂದನ್ನೇ. ಆಗ ಡಾಕ್ಟರು ನನ್ನನ್ನು ಕರೆಸುವರು.

ನಮ್ಮದು ಆಗಿನ ಕಾಲದ ಕಾಗದದ ಯಂತ್ರ. ಎಂಟು ಮಸಿಯ ಮುಳ್ಳುಗಳು ಸಾಲಾಗಿ ನಿಂತು, ಕೆಳಗೆ ಸರಿಯುವ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದವು. ಬದುಕಿರುವ ಮೆದುಳಿನ ಗೆರೆ ಸುಮ್ಮನೆ ಇರುವುದಿಲ್ಲ, ಬಡಬಡಿಸುತ್ತಲೇ ಇರುತ್ತದೆ. ಪೆಟ್ಟು ತಿಂದ ಮೆದುಳಿನ ಗೆರೆ ನಿಧಾನವಾಗುತ್ತದೆ, ತಗ್ಗುತ್ತದೆ, ತೀರ ಕೆಟ್ಟರೆ ನೆಲದಂತೆ ಸಪಾಟಾಗುತ್ತದೆ. ಆದರೆ ಗೆರೆ ಆಡಿದ ಮಾತ್ರಕ್ಕೆ ಸಾಲದು. ಹೊರಗಿನಿಂದ ಏನಾದರೂ ಮುಟ್ಟಿಸಿದರೆ ಅದು ಬದಲಾಗಬೇಕು. ಅದಕ್ಕೇ ನಾನು ರೆಕಾರ್ಡು ನಡೆದಿರುವಾಗ ರೋಗಿಯ ಕಿವಿಯ ಹತ್ತಿರ ಬಗ್ಗಿ ಹೆಸರು ಹಿಡಿದು ಕರೆಯುತ್ತಿದ್ದೆ, ಚಪ್ಪಾಳೆ ತಟ್ಟುತ್ತಿದ್ದೆ, ಕೊನೆಗೆ ಉಗುರಿನ ಬುಡವನ್ನು ಪೆನ್ನಿನಿಂದ ಒತ್ತುತ್ತಿದ್ದೆ. ಒಂದೊಂದನ್ನು ಮಾಡಿದ ಜಾಗದಲ್ಲೂ ಕಾಗದದ ಮೇಲೆ ಗುರುತು ಹಾಕುತ್ತಿದ್ದೆ. ನನ್ನ ಅಪ್ಪ ಚಿತ್ತಾಪುರದಲ್ಲಿ ಶಾಲೆಯ ಮಾಸ್ತರರು, ಅವರ ಹಾಜರಿ ಕರೆಯುವ ದನಿ ನನಗೇ ಬಂದಿದೆಯೆಂದು ಮನೆಯಲ್ಲಿ ಆಡಿಕೊಳ್ಳುತ್ತಿದ್ದರು. ಕೇಸ್‌ಪೇಪರಿನಲ್ಲಿದ್ದ ಹೆಸರನ್ನು ಅದೇ ದನಿಯಲ್ಲಿ ಮೂರು ಸಲ ಕರೆದು, ಮುಳ್ಳುಗಳು ತಮ್ಮ ಪಾಡಿಗೆ ತಾವಿದ್ದರೆ 'ಕರೆಗೆ ಸ್ಪಂದನವಿಲ್ಲ' ಎಂದು ಬರೆಯುತ್ತಿದ್ದೆ. ಹೀಗೆ ಬರೆಯುವುದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯೂ ಇತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಂದು ಬೇಸಿಗೆಯಲ್ಲಿ ಸೇಡಂ ತಾಲ್ಲೂಕಿನ ಆಡಕಿಯ ಕಡೆಯ ಒಬ್ಬರನ್ನು ತಂದರು. ಕೇಸ್‌ಪೇಪರಿನಲ್ಲಿ ಗುರುಲಿಂಗಪ್ಪ, ವಯಸ್ಸು ನಲವತ್ತೆಂಟು. ಹೊಲಮನೆ ಚೆನ್ನಾಗಿದ್ದವರು, ಕಲಬುರ್ಗಿಗೆ ಮದುವೆಯೊಂದಕ್ಕೆ ಹೊರಟು ವಾಡಿಯಲ್ಲಿ ಗಾಡಿ ಬದಲಿಸುವಾಗ ಪ್ಲಾಟ್‌ಫಾರಂ ಮೇಲೆ ಕುಸಿದು ಬಿದ್ದರಂತೆ. ಅಲ್ಲಿಯೇ ಇದ್ದ ಯಾರೋ ಡಾಕ್ಟರೊಬ್ಬರು ಅಂಗಿ ಹರಿದು ಎದೆ ಒತ್ತಿ ಹೃದಯವನ್ನು ಮತ್ತೆ ನಡೆಸಿದರು. ಆದರೆ ಆ ಡಾಕ್ಟರು ಬರುವ ಮುನ್ನ ಇವರು ಎಷ್ಟು ಹೊತ್ತು ಬಿದ್ದಿದ್ದರೆಂದು ಹೇಳುವವರೇ ಇರಲಿಲ್ಲ. ಜೊತೆಗಿದ್ದ ತಮ್ಮ ನೀರು ತರಲು ಹೋಗಿದ್ದನಂತೆ. "ಒಂದು ತಂಬಗಿ ನೀರು ತರೂದ್ರಾಗ ಹಿಂಗಾತ್ರಿ" ಎಂದು ಆತ ಬಂದವರೆದುರೆಲ್ಲ ಅದನ್ನೇ ಹೇಳುತ್ತ ಕೈ ಕೈ ಹಿಸುಕಿಕೊಳ್ಳುತ್ತಿದ್ದ.

ಮೂರನೆಯ ದಿನ ನಾನು ಮೊದಲ ರೆಕಾರ್ಡು ತೆಗೆದೆ. ಗೆರೆಗಳು ಇದ್ದವು, ಆದರೆ ಆಳಕ್ಕೆ ಇಳಿದಂತೆ ಒಂದೇ ತೆರನಾಗಿ, ಸೋಮಾರಿಯಾಗಿ ಸಾಗುತ್ತಿದ್ದವು. "ಗುರುಲಿಂಗಪ್ಪಾ! ಗುರುಲಿಂಗಪ್ಪಾ, ಕಣ್ಣು ತೆಗೀರಿ!" ಎಂದು ನನ್ನ ಮಾಸ್ತರ ದನಿಯಲ್ಲಿ ಕರೆದೆ. ಏನೂ ಇಲ್ಲ. ಪರಿಚಿತ ದನಿಗಾದರೂ ಏನಾದರೂ ಆದೀತೆಂದು ಹೆಂಡತಿಯನ್ನು ಒಳಗೆ ಕರೆಸಿ, "ಹೆಸರು ಹಿಡಿದು ಕರೀರಿ" ಎಂದೆ. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಹೆಂಗ ಕರೀಲ್ರಿ ಬಾಯಿ? ಒಂದಿನಾನೂ ಕರದಿಲ್ಲ" ಎಂದಳು. "ಜೀವಕ್ಕಿಂತ ಹೆಚ್ಚೇನ್ರಿ ನಿಮ್ಮ ರೀತಿ ರಿವಾಜು?" ಎಂದು ಗದರಿದೆ. ಆಕೆ ಅಳುತ್ತ ಹೊರಗೆ ಹೋದಳು. ಉಗುರು ಒತ್ತಿದೆ, ಅದಕ್ಕೂ ಏನಿಲ್ಲ. ಬರೆಯುವುದನ್ನು ಬರೆದು ಸಹಿ ಹಾಕಿದೆ.

ಆರನೆಯ ದಿನ ಬೆಳಿಗ್ಗೆ ಡಾಕ್ಟರು ಇನ್ನೊಮ್ಮೆ ತೆಗೆಯಲು ಹೇಳಿದರು. ಅಷ್ಟರಲ್ಲಿ ಮನೆಯವರು ಒಂದು ತೀರ್ಮಾನಕ್ಕೆ ಬಂದಿದ್ದರು. ಈ ಸಲವೂ ಗೆರೆಗಳು ಹಾಗೆಯೇ ಇದ್ದರೆ ಉಸಿರಿನ ಯಂತ್ರ ತೆಗೆಸಿ ಊರಿಗೆ ಒಯ್ಯುವುದು. ದಾರಿಯುದ್ದಕ್ಕೂ ಕೈಯಿಂದ ಒತ್ತುವ ರಬ್ಬರಿನ ಚೆಂಡಿನಿಂದ ಉಸಿರು ಕೊಡುವುದು. ಊರ ಸ್ವಾಮಿಗಳಿಗೆ ಹೇಳಿ ಕಳಿಸಿಯಾಗಿದೆ, ಜೀವ ಇರುವಾಗಲೇ ಹಣೆಗೆ ವಿಭೂತಿ ಆಗಬೇಕು, ಮನೆಯ ನೆಲದ ಮೇಲೆ ಪ್ರಾಣ ಹೋಗಬೇಕು. ಗಾಡಿ ಕೆಳಗೆ ಬಂದು ನಿಂತಿತ್ತು. ಐದು ದಿನ ಸುದ್ದಿಯನ್ನು ಅರ್ಧಂಬರ್ಧ ಹೇಳಿ ಊರಲ್ಲೇ ಕೂರಿಸಿದ್ದ ತಾಯಿಯನ್ನು ಅದೇ ಗಾಡಿಯಲ್ಲಿ ಕರೆತಂದಿದ್ದರು. ಎಂಬತ್ತರ ಹತ್ತಿರದ, ಬಾಗಿದ ಬೆನ್ನಿನ ಮುದುಕಿ. ಹೋಗುವ ಜೀವವನ್ನು ಒಮ್ಮೆ ನೋಡಿಕೊಳ್ಳಲಿ ಎಂದು ಸಿಸ್ಟರು ಆಕೆಯನ್ನು ಒಳಗೆ ಬಿಟ್ಟರು. ನಾನು ಬಿಲ್ಲೆಗಳನ್ನು ಅಂಟಿಸಿ ಯಂತ್ರ ಶುರು ಮಾಡಿದ್ದೆ. ಮುದುಕಿ ಮಂಚದ ಕಾಲ್ದೆಸೆಯಲ್ಲಿ ಕಬ್ಬಿಣದ ಸರಳು ಹಿಡಿದು ನಿಂತಿದ್ದಳು. "ಅಜ್ಜೀ, ಮುಟ್ಟಬ್ಯಾಡ್ರಿ, ಗೆರಿ ಕೆಡತಾವ" ಎಂದಿದ್ದೆ. ಮುಟ್ಟದೆಯೇ ನಿಂತಿದ್ದಳು.

"ಗುರುಲಿಂಗಪ್ಪಾ!" ಎಂದು ಕರೆದೆ. ಮುಳ್ಳುಗಳು ಹಾಗೆಯೇ ಸಾಗಿದವು. "ಗುರುಲಿಂಗಪ್ಪಾ!" ಎಂದೆ ಇನ್ನೂ ಗಟ್ಟಿಯಾಗಿ. ಮೂರನೆಯ ಸಲವೂ ಕರೆದು, ಚಪ್ಪಾಳೆಯನ್ನೂ ತಟ್ಟಿ, ಕಾಗದದ ಮೇಲೆ ಗುರುತು ಹಾಕಲು ಬಗ್ಗಿದಾಗ ಮುದುಕಿ ನನ್ನನ್ನು ಕೇಳಿದಳು:

"ತಂಗೀ, ನಮ್ಮ ಮಾವನವರಿಗಿ ಯಾಕ ಕರೀಲಿಕತ್ತೀ? ಅವರು ತೀರಿಕೊಂಡು ಭಾಳ ವರ್ಷಾತಲ್ಲ."

ಮುದುಕಿಗೆ ದುಃಖದಲ್ಲಿ ತಲೆ ನಿಂತಿಲ್ಲವೆಂದುಕೊಂಡೆ. "ಅಜ್ಜೀ, ಇವರು ನಿಮ್ಮ ಮಗ ಅಲ್ಲೇನ್ರಿ? ಇವರ ಹೆಸರೇ ಅದು" ಎಂದೆ.

"ಶಾಲ್ಯಾಗ ಬರಸ್ಯಾರವ್ವ ಹಂಗ. ಮಾವನವರ ಹೆಸರು ಇಟ್ಟೀವಿ. ನಾ ಸೊಸಿ, ಆ ಹೆಸರು ಬಾಯಿಲೆ ಹೆಂಗ ಅನ್ನಲಿ? ತೊಟ್ಟಿಲದಾಗಿಂದ ಇವಗ ಮುತ್ಯಾ ಅಂತೀನಿ. ಊರೆಲ್ಲಾ ಮುತ್ಯಾನೇ ಅಂತದ. ಈ ಹೆಸರಿಲೆ ಇವಗ ಯಾರು ಕರದಾರು?"

ನಮ್ಮ ಕಡೆ ಮುತ್ಯಾ ಎಂದರೆ ಅಜ್ಜ. ಸತ್ತ ಹಿರಿಯರ ಹೆಸರನ್ನು ಹುಟ್ಟಿದ ಮಗುವಿಗೆ ಇಡುವುದು, ಸೊಸೆಯಾದವಳು ಮಾವನ ಹೆಸರು ಹೇಳಬಾರದಾದ್ದರಿಂದ ತೊಟ್ಟಿಲ ಕೂಸನ್ನೇ ಮುತ್ಯಾ ಎಂದು ಕರೆಯುವುದು, ಹೀಗೆ ಕರೆಸಿಕೊಂಡ ಕೂಸು ನಲವತ್ತೆಂಟರ ಗಂಡಸಾದರೂ ಊರಿಗೆಲ್ಲ ಮುತ್ಯಾನಾಗಿಯೇ ಉಳಿಯುವುದು, ಇದೇನು ನನಗೆ ಗೊತ್ತಿಲ್ಲದ ಸಂಗತಿಯೆ? ಚಿತ್ತಾಪುರದಲ್ಲಿ ಹುಟ್ಟಿ, ಶಹಾಬಾದಿಗೆ ಸೊಸೆಯಾಗಿ ಬಂದವಳು ನಾನು. ನಮ್ಮ ಓಣಿಯಲ್ಲೇ ಇಬ್ಬರು ಮುತ್ಯಾಗಳಿದ್ದರು, ಒಬ್ಬ ಇನ್ನೂ ಚಡ್ಡಿ ಹಾಕುತ್ತಿದ್ದ. ಗೊತ್ತಿದ್ದೂ ಹೊಳೆದಿರಲಿಲ್ಲ.

"ಕರೀರಿ ಅಜ್ಜೀ. ಕೈ ಹಚ್ಚಬ್ಯಾಡ್ರಿ, ಅಲ್ಲೇ ನಿಂತು ದಿನಾ ಕರದಂಗ ಕರೀರಿ" ಎಂದೆ.

ಮುದುಕಿ ಹೊಲದಿಂದ ಊಟಕ್ಕೆ ಕರೆಯುವವಳ ಹಾಗೆ, ಅಳದೆ, ಸ್ವಲ್ಪ ಎಳೆದು, "ಮುತ್ಯಾ... ಏ ಮುತ್ಯಾ" ಎಂದಳು.

ಎಂಟೂ ಮುಳ್ಳುಗಳು ಏನೋ ನೆನಪಾದಂತೆ ಒಂದು ಕ್ಷಣ ತಗ್ಗಿದವು, ಆಮೇಲೆ ಗಡಗಡನೆ ಸಣ್ಣ ಸಣ್ಣ ಗೆರೆ ಎಳೆಯತೊಡಗಿದವು. ಇದು ಕಣ್ಣೆವೆ ಅದುರಿದ್ದೋ, ವೈರು ಎಳೆದದ್ದೋ ಎಂದು ಒಂದೊಂದಾಗಿ ನೋಡಿದೆ, ಏನೂ ಅಲ್ಲ. ಗೆರೆಗಳು ಮತ್ತೆ ಹಳೆಯ ಹಾದಿಗೆ ಇಳಿಯುವವರೆಗೆ ಕಾದು, ನಾನೇ ಇನ್ನೊಮ್ಮೆ "ಗುರುಲಿಂಗಪ್ಪಾ" ಎಂದೆ. ಇಲ್ಲ. ಮುದುಕಿ "ಮುತ್ಯಾ" ಎಂದಳು. ಬಂತು. ಮೂರನೆಯ ಸಲವೂ ಬಂತು. ಒಂದೊಂದು ಜಾಗದಲ್ಲೂ ಕಾಗದದ ಮೇಲೆ ಗುರುತು ಹಾಕಿದೆ. ಸಿಸ್ಟರು ಓಡಿಹೋಗಿ ಡಾಕ್ಟರನ್ನು ಕರೆತಂದರು. ಅವರು ಕಾಗದವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮಡಚಿ ನೋಡಿ, "ಗಾಡಿ ವಾಪಸ್ ಕಳಸ್ರಿ" ಎಂದರು.

ಸಂತೋಷದ ಸುದ್ದಿಯನ್ನು ಮೊದಲು ಹೇಳಿ ಮುಗಿಸುತ್ತೇನೆ. ಅವರು ಉಳಿದರು. ಹತ್ತು ದಿನದ ಮೇಲೆ ಕಣ್ಣು ತೆರೆದರು, ತಿಂಗಳಿಗೆ ಮಾತಾಡಿದರು. ಕೈಗಳು ಮಾತ್ರ ಏನಾದರೂ ಹಿಡಿಯಲು ಹೋದರೆ ಝಾಡಿಸಿದಂತೆ ಹಾರುತ್ತಿದ್ದವು. ಚಹಾದ ಲೋಟವನ್ನು ಹೆಂಡತಿ ಹಿಡಿದು ಕುಡಿಸಬೇಕಿತ್ತು. ಊರಿಗೆ ಹೋಗುವ ದಿನ ತಮ್ಮ ನನ್ನ ಹತ್ತಿರ ಬಂದು, "ನೀವು ಕೇಳಲಿಲ್ಲ, ನಾವು ಹೇಳಲಿಲ್ರಿ. ದವಾಖಾನ್ಯಾಗ ಬರಸೂ ಹೆಸರು ಬ್ಯಾರೆ ಅಂತ ನಾವು ತಿಳಕೊಂಡಿದ್ವಿ" ಎಂದು, ತಪ್ಪು ತನ್ನದೇ ಎಂಬಂತೆ ಕೈ ಮುಗಿದ. ಆ ಕೈಗಳನ್ನು ಹಿಡಿದು ಇಳಿಸಬೇಕೆನಿಸಿತು.

ಡಾಕ್ಟರು ಸಮಾಧಾನದ ಮನುಷ್ಯರು. "ನಡುವೆ ನಿದ್ದೆಯ ಔಷಧ ಕಡಿಮೆ ಮಾಡೀವಿ, ದಿನಗಳೂ ಕಳೆದಾವ, ಬರೇ ಹೆಸರಿನಿಂದ ಆತು ಅನ್ನಾಕಾಗೂದಿಲ್ಲ ಸುಮಂಗಲಾಬಾಯಿ" ಎಂದರು. "ಎಚ್ಚರಿದ್ದಾಗ ಎರಡೂ ಹೆಸರು ನಮ್ಮವೇ. ಅಷ್ಟು ಆಳಕ್ಕ ಇಳದಾಗ ಮೊದಲನೇದೊಂದೇ ಮುಟ್ಟತದೋ ಏನೋ" ಎಂದೂ ಅಂದರು. ಅವರು ಅಂದದ್ದು ಅಷ್ಟೇ. ನನ್ನ ಎದೆಯೊಳಗೆ ಮಾತ್ರ ಆವತ್ತಿನಿಂದ ಬೇರೆಯ ಒಂದು ಯಂತ್ರ ಶುರುವಾಯಿತು.

ಯಾಕೆಂದರೆ, ಗೆಳೆಯರೆ, ನನಗೇ ಎರಡು ಹೆಸರು! ತವರಿನಲ್ಲಿ ನಾನು ಇಂದಿರಾ. ಅವ್ವನ ಬಾಯಲ್ಲಿ ಇಂದೂ. ಮದುವೆಯ ದಿನ ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ಉಂಗುರದಿಂದ ನನಗೆ ಹೊಸ ಹೆಸರು ಬರೆದರು, ಸುಮಂಗಲಾ ಎಂದು. ಆವತ್ತಿನಿಂದ ರೇಷನ್ ಕಾರ್ಡು, ದವಾಖಾನೆಯ ಹಾಜರಿ, ಅತ್ತೆ, ನಾದಿನಿ, ನೆರೆಹೊರೆ ಎಲ್ಲರಿಗೂ ನಾನು ಸುಮಂಗಲಾ. ಹೆಸರು ಚೆಂದವೇ ಇದೆ, ದೂರಿಲ್ಲ. ಆದರೆ ಮೊದಲ ಒಂದೆರಡು ವರ್ಷ ಹಿಂದಿನಿಂದ ಯಾರಾದರೂ ಸುಮಂಗಲಾ ಎಂದು ಕೂಗಿದರೆ ಯಾರಿಗೋ ಎಂದು ನಾನು ನಡೆದೇಬಿಡುತ್ತಿದ್ದೆ, "ಕಿವಿ ಕೇಳ್ಸಂಗಿಲ್ಲೇನು?" ಎಂದು ಅತ್ತೆ ಬೈಯುತ್ತಿದ್ದರು. ಈಗಲೂ ಜ್ವರದಲ್ಲಿ ಬಿದ್ದಾಗ ಯಾರೋ ಇಂದೂ ಎಂದಂತಾಗಿ ಎಚ್ಚರಾಗುತ್ತದೆಯೇ ಹೊರತು, ಸುಮಂಗಲಾ ಎಂದು ಯಾರೂ ನನ್ನನ್ನು ಕನಸಿನಲ್ಲಿ ಕರೆದಿಲ್ಲ. ಇಷ್ಟೆಲ್ಲ ಮೈಮೇಲೆ ಹೊತ್ತು ತಿರುಗುವ ಹೆಂಗಸು ನಾನು, ಕಂಡವರ ಕಿವಿಯಲ್ಲಿ ಸರಕಾರಿ ಕಾಗದದ ಹೆಸರು ಕೂಗಿ, ಓ ಎನ್ನಲಿಲ್ಲವೆಂದು ಸಹಿ ಹಾಕಿ, ಸಂಜೆಯ ಗಾಡಿಗೆ ಮನೆಗೆ ಹೋಗಿ ಅನ್ನ ಮಾಡಿ ಉಂಡೆನಲ್ಲ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಮನುಷ್ಯರ ತಲೆಯನ್ನು ಸೆಂಟಿಮೀಟರಿನಲ್ಲಿ ಅಳೆದ ನಾನು ಅವರ ಹೆಸರನ್ನು ಅಳೆದು ನೋಡಲಿಲ್ಲ.

ಹೆಸರೆಂದರೆ ಏನು ಸಾಮಾನ್ಯದ ವಸ್ತುವೆ? ಹುಟ್ಟಿದ ಮಗುವಿಗೆ ಮೈ ಯಾವುದು, ಹಾಲು ಯಾವುದು, ತಾನು ಯಾರು ಎಂಬುದೇ ತಿಳಿಯದಿರುವಾಗ ಕಿವಿಯಲ್ಲಿ ಬೀಳತೊಡಗಿದ ಒಂದು ಸದ್ದು. ಆ ಸದ್ದು ಬಂದಾಗಲೆಲ್ಲ ಒಂದು ಮುಖ ಬಗ್ಗುತ್ತದೆ, ಒಂದು ಕೈ ಎತ್ತಿಕೊಳ್ಳುತ್ತದೆ, ಹೀಗೆ ಸಾವಿರಾರು ಸಲ ಆಗಿ ಆಗಿ ಆ ಸದ್ದು ಬಂದರೆ 'ನಾನು' ಎಂಬುದು ಎದ್ದು ಕೂರುವುದನ್ನು ಕಲಿಯುತ್ತದೆ. ಆಮೇಲೆ ಶಾಲೆ ಒಂದು ಹೆಸರು ಬರೆಯುತ್ತದೆ, ಗಂಡನ ಮನೆ ಇನ್ನೊಂದನ್ನು ಕೊಡುತ್ತದೆ, ಕಚೇರಿ ಇನಿಷಿಯಲ್ಲು ಸೇರಿಸುತ್ತದೆ. ನಾವು ಎಲ್ಲಕ್ಕೂ ಹ್ಞೂಂಗುಟ್ಟುತ್ತೇವೆ, ಸಹಿಯನ್ನೂ ಹಾಕುತ್ತೇವೆ. ಬೆಳಕಿರುವಷ್ಟು ಹೊತ್ತು ಇವೆಲ್ಲ ನಡೆದೀತು. ದೀಪ ಆರಿದ ಮನೆಯಲ್ಲಿ ನಮಗೆ ಗುರುತು ಸಿಗುವುದು ಎಳವೆಯಲ್ಲಿ ಅಂಬೆಗಾಲಿಟ್ಟು ತಿರುಗಿದ ಮೂಲೆ ಮಾತ್ರವೇನೋ. ಇದು ಶಾಸ್ತ್ರವೋ ಅಲ್ಲವೋ ನನಗೆ ತಿಳಿಯದು; ಆ ದಿನ ಕಾಗದದ ಮೇಲೆ ಕಂಡದ್ದನ್ನು ನನಗೆ ನಾನೇ ಹೀಗೆ ಬಿಡಿಸಿಕೊಂಡೆ.

ಆಮೇಲೆ ದವಾಖಾನೆಯಲ್ಲಿ ಎರಡು ಬದಲಾವಣೆ ಆದವು. ಇಇಜಿಗೆ ತುಂಬುವ ಅರ್ಜಿಯಲ್ಲಿ ರೋಗಿಯ ಹೆಸರಿನ ಕೆಳಗೆ 'ಮನೆಯಲ್ಲಿ ಕರೆಯುವ ಹೆಸರು' ಎಂಬ ಇನ್ನೊಂದು ಸಾಲು ಬಂತು. ರೆಕಾರ್ಡು ತೆಗೆಯುವಾಗ ಮನೆಯವರಲ್ಲಿ ಒಬ್ಬರು, ಸಾಧ್ಯವಾದರೆ ತಾಯಿಯೇ, ಒಳಗೆ ಇರಬೇಕೆಂದಾಯಿತು. ಡಾಕ್ಟರು ಒಪ್ಪಿ ಸಹಿ ಮಾಡಿದರು. ಆ ಸಾಲಿನಲ್ಲಿ ಜನ ಬರೆಸಿದ ಹೆಸರುಗಳೋ! ಕರಿಯಾ, ಗುಂಡಿ, ಚಿಕ್ಕಿ, ಸಾಹೇಬಾ, ಬೆಕ್ಕಿನಮರಿ. ಒಬ್ಬ ನಿವೃತ್ತ ಹೆಡ್‌ಮಾಸ್ತರರ ಕಿವಿಯಲ್ಲಿ ನಾನು "ಪುಟ್ಟೂ, ಏ ಪುಟ್ಟೂ" ಎಂದು ಕೂಗಿದ್ದೂ ಉಂಟು, ಅವರ ಅಕ್ಕ ಪಕ್ಕದಲ್ಲಿ ನಿಂತು ಮೂಗು ಒರೆಸುತ್ತಿದ್ದರು. ಹೀಗೆ ಕರೆದವರಲ್ಲಿ ಹೆಚ್ಚಿನವರು ಮತ್ತೆ ಓಗೊಡಲಿಲ್ಲವೆಂಬುದನ್ನೂ ಹೇಳಬೇಕು. ಹೆಸರು ಗೊತ್ತಿದ್ದರೆ ಸತ್ತವರೇನೂ ಎದ್ದು ಬರುವುದಿಲ್ಲ. ಆದರೂ ಆಗ 'ಸ್ಪಂದನವಿಲ್ಲ' ಎಂದು ಬರೆಯುವಾಗ ನನ್ನ ಮನಸ್ಸು ಅಳುಕುತ್ತಿರಲಿಲ್ಲ.

ಅಳುಕುತ್ತಿದ್ದದ್ದು ಹಿಂದಿನವರನ್ನು ನೆನೆದಾಗ. ಅವರಲ್ಲಿ ಬಹಳ ಜನರ ಮುಖ ಅಳಿಸಿಹೋಗಿತ್ತು. ಒಬ್ಬಳದು ಮಾತ್ರ ಹೋಗಲೊಲ್ಲದು. ಆಡಕಿಯವರು ಬರುವುದಕ್ಕೆ ಒಂದು ವರ್ಷ ಮುಂಚೆ, ಇಪ್ಪತ್ತಾರು ವಯಸ್ಸಿನ ಹುಡುಗಿ. ಎಳವೆಯಿಂದ ಹೃದಯದ ಕವಾಟದ ದೋಷವಿತ್ತಂತೆ, ಗಂಡನ ಮನೆಯಲ್ಲಿ ನೀರು ತುಂಬುವಾಗ ಹೃದಯ ನಿಂತಿತ್ತು. ಗಂಡ ಬರೆಸಿದ ಹೆಸರು ವಿಜಯಲಕ್ಷ್ಮಿ. ನಾನು ಆ ಹೆಸರಿನಿಂದಲೇ ಮೂರು ಸಲ ಕರೆದಿದ್ದೆ. ಅವಳ ತಾಯಿ ಚಿಂಚೋಳಿಯ ಹತ್ತಿರದ ಚಂದಾಪುರದಿಂದ ಬಂದು ನಾಲ್ಕು ದಿನವೂ ಐಸಿಯು ಬಾಗಿಲಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಒಳಗೆ ಬರುತ್ತೇನೆಂದು ಕೇಳಿದಾಗ, ರೆಕಾರ್ಡು ನಡೆಯುವಾಗ ಯಾರೂ ಬರುವಂತಿಲ್ಲವೆಂದು ಬಾಗಿಲು ಹಾಕಿಕೊಂಡವಳು ನಾನೇ. ಐದನೆಯ ದಿನ ಉಸಿರಿನ ಯಂತ್ರ ತೆಗೆಸಿ ಅವಳನ್ನು ಒಯ್ದರು. ಆ ಬಾಗಿಲಿನ ಗಾಜಿನಾಚೆಯ ಮುಖ ನನಗೆ ಪ್ಯಾಸೆಂಜರ್ ಗಾಡಿಯ ಕಿಟಕಿಯಲ್ಲೂ ಕಾಣತೊಡಗಿತು.

ಅವಳನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರೆಂದು ಹೋಗಿ ಕೇಳಿಬರುತ್ತೇನೆ ಎಂದೆ. "ಮುಗದದ್ದು ಮುಗದದ. ಆ ತಾಯಿ ಹೆಂಗೋ ಮರತು ಕುಂತಿದ್ರ ನೀ ಹೋಗಿ ಗಾಯ ಕೆರಿಬ್ಯಾಡ" ಎಂದರು ನಮ್ಮ ಮನೆಯವರು. ಡಾಕ್ಟರು ಹಳೆಯ ರೆಕಾರ್ಡನ್ನೇ ತೆಗೆಸಿ ನನ್ನೆದುರು ಹರವಿ, ಗೆರೆಗಳು ನೆಲ ಹಿಡಿದದ್ದನ್ನು ಬೆರಳಿಟ್ಟು ತೋರಿಸಿ, ಯಾವ ಹೆಸರಿಗೂ ಇದು ಏಳುತ್ತಿರಲಿಲ್ಲ ಎಂದರು. ನಾನೂ ಕಣ್ಣಾರೆ ಕಂಡೆ, ಒಪ್ಪಿದೆ. ಒಪ್ಪಿದ ಮೇಲೂ ಒಂದು ರಜೆಯ ದಿನ ಶಹಾಬಾದಿನಿಂದ ಬಸ್ಸು ಹತ್ತಿ, ಚಿತ್ತಾಪುರ, ಸೇಡಂ ಹಾದು ಚಿಂಚೋಳಿಯ ಕಡೆಗೆ ಹೊರಟೆ. ಹೆಸರೊಂದನ್ನು ಕೇಳಿ ತಿಳಿದುಕೊಂಡು ಬರುವುದು, ಬೇರೇನೂ ಹೇಳುವುದಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಆಣೆ ಹಾಕಿಕೊಂಡೆ.

ಚಂದಾಪುರದ ಕಚೇರಿಗಳ ಹಿಂದಿನ ಓಣಿಯಲ್ಲಿ ಮನೆ ಸಿಕ್ಕಿತು. ತಾಯಿ ಹೊರಗೆ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನ ಗುರುತು ಆಕೆಗೆ ಹತ್ತಿದ್ದು ತಟ್ಟನೆ. "ಬಾಗಲಾ ಹಾಕಿಕೊಂಡ ಬಾಯಿ ಅಲ್ಲೇನ್ರಿ ನೀವು?" ಎಂದಳು, ಸಿಟ್ಟಿಲ್ಲದೆ, ನೆನಪು ಮಾಡಿಕೊಳ್ಳುವವರ ಹಾಗೆ. "ಬರ್ರಿ, ಕುಂದ್ರಿ" ಎಂದು ಮೊರವನ್ನು ಅತ್ತ ಸರಿಸಿ ಜಾಗ ಮಾಡಿಕೊಟ್ಟು, ನೀರು ತಂದಿಟ್ಟಳು. ಮಗಳ ಹಳೆಯ ಜಡ್ಡು, ಅಳಿಯ ಮತ್ತೆ ಮದುವೆಯಾದದ್ದು, ಬಿಸಿಲು ಎಲ್ಲ ಮಾತಾಯಿತು. ಕಡೆಗೆ ಕೇಳಿದೆ.

"ಅವ್ವಾ, ನಿಮ್ಮ ಮಗಳಿಗಿ ಮನ್ಯಾಗ ಏನಂತ ಕರೀತಿದ್ರಿ?"

"ನಾಗೂ ಅಂತಿದ್ದೆವ್ರಿ. ನಾಗಮ್ಮ ಅಂತ ಹೆಸರಿಟ್ಟಿದ್ದು. ವಿಜಯಲಕ್ಷ್ಮಿ ಅವರು ಮದುವ್ಯಾಗ ಇಟ್ಟಿದ್ದು, ಹಳೀ ಹೆಸರು ಛಲೋ ಇಲ್ಲ ಅಂತ. ನಮ್ಮ ಬಾಯಾಗ ಅದು ಹೊರಳಲಿಲ್ಲ. ಆಕಿಗೂ ಸೇರತಿದ್ದಿಲ್ಲ." ಹೀಗೆಂದವಳು ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ತಪ್ಪಿಸಬಾರದಿತ್ತು, ತಪ್ಪಿಸಿದೆ. "ಯಾಕ್ರಿ ಬಾಯಿ? ಇದು ಕೇಳಾಕ ಅಷ್ಟು ದೂರದಿಂದ ಬಂದೀರೇನು?"

ಹಾಕಿಕೊಂಡ ಆಣೆ ಅಲ್ಲಿಯೇ ಮುರಿಯಿತು. ಕರೆದು ನೋಡುವುದೂ ನಮ್ಮ ಪರೀಕ್ಷೆಯ ಒಂದು ಭಾಗವೆಂದು ಹೇಳಿದೆ, ಕಾಗದದಲ್ಲಿದ್ದ ಹೆಸರಿನಿಂದ ಕರೆದೆನೆಂದು ಹೇಳಿದೆ, ಗೆರೆಗಳು ಆಗಲೇ ನೆಲ ಹಿಡಿದಿದ್ದವೆಂದೂ ಯಾವ ಹೆಸರಿನಿಂದ ಕರೆದಿದ್ದರೂ ಬಹುಶಃ ಏಳುತ್ತಿರಲಿಲ್ಲವೆಂದೂ ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಆಕೆ ಬೇಳೆಯಲ್ಲಿ ಕೈಯಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಉಳಿಯುತ್ತಿದ್ದಳೇ ಎಂದು ಕೂಡ ಕೇಳಲಿಲ್ಲ. ಒಂದೇ ಮಾತು ಕೇಳಿದಳು.

"ಹಂಗಂದ್ರ ಬಾಯಿ, ಆ ನಾಕು ದಿನ ನನ್ನ ನಾಗೂಗ ಯಾರೂ ಕರದೇ ಇಲ್ಲೇನ್ರಿ?"

"ಇಲ್ರೀ ಅವ್ವಾ," ಎಂದೆ. "ಯಾರೂ ಕರೀಲಿಲ್ಲ."